ಲೀನ್ ಯಾಕೆ ಬಾಳಿಕೆ ಬರುವುದಿಲ್ಲ?

ಆಯುಧ ಪೂಜೆಯ ಹಿಂದಿನ ದಿನ ಪೀಣ್ಯದ ಯಾವುದಾದರೂ ಸಣ್ಣ ಮೆಷಿನ್ ಶಾಪ್‌ಗೆ ಹೋಗಿ ನೋಡಿ. ಮಧ್ಯಾಹ್ನದ ಹೊತ್ತಿಗೆ ಮೆಷಿನ್‌ಗಳೆಲ್ಲ ನಿಂತಿರುತ್ತವೆ. ಲೇತ್ ಬೆಡ್ಡಿಗೆ ವರ್ಷದಿಂದ ಅಂಟಿದ್ದ ಜಿಡ್ಡನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಿರುತ್ತಾರೆ. ಮೂಲೆಯಲ್ಲಿದ್ದ ಕಬ್ಬಿಣದ ಚೂರಿನ ರಾಶಿ ಗುಜರಿ ಗಾಡಿ ಹತ್ತಿರುತ್ತದೆ. ಎರಡು ವರ್ಷದಿಂದ ಕಾಣದಿದ್ದ ಮೈಕ್ರೋಮೀಟರ್ ಬೀರುವಿನ ಹಿಂದೆ ಸಿಕ್ಕಿ ಎಲ್ಲರೂ ನಗುತ್ತಾರೆ. ಮಾರನೇ ದಿನ ಬಾಳೆಕಂದು, ಕುಂಕುಮ, ಬೂದುಗುಂಬಳ, ಕಡಲೆಪುರಿ, ಸ್ವೀಟ್ ಬಾಕ್ಸು. ಆ ಒಂದು ದಿನ ಶಾಪ್ ಫ್ಲೋರ್ ನೋಡಿದರೆ ಜಪಾನಿನವರೂ ತಲೆದೂಗಬೇಕು.

ದೀಪಾವಳಿ ಕಳೆದ ಮೇಲೆ ಅದೇ ಶಾಪ್‌ಗೆ ಮತ್ತೆ ಹೋಗಿ. ಚೂರಿನ ರಾಶಿ ಮೂಲೆಗೆ ಬಂದಿರುತ್ತದೆ. ಓಡಾಡುವ ದಾರಿಯಲ್ಲಿ ಎರಡು ಟ್ರಾಲಿ ನಿಂತಿರುತ್ತವೆ. ಮೈಕ್ರೋಮೀಟರ್ ಮತ್ತೆ ಕಾಣೆ. ಯಾರೂ ಬೇಕೂಂತ ಮಾಡಿದ್ದಲ್ಲ. ದಿನದ ಕೆಲಸ ತನ್ನ ಪಾಡಿಗೆ ತಾನು ನಡೆಯುತ್ತಾ ಎಲ್ಲವನ್ನೂ ಹಳೇ ಜಾಗಕ್ಕೆ ತಂದು ಬಿಟ್ಟಿದೆ, ಅಷ್ಟೇ.

ಲೀನ್ ಮ್ಯಾನೇಜ್‌ಮೆಂಟ್ ಅಂದರೆ ಕಾರ್ಖಾನೆಯಲ್ಲಿ ವ್ಯರ್ಥವನ್ನೂ ತಪ್ಪನ್ನೂ ಕಡಿಮೆ ಮಾಡುವ ಪದ್ಧತಿ. ಅದರ ಕತೆಯೂ ಬಹಳ ಕಡೆ ಹೀಗೇ ಮುಗಿಯುತ್ತದೆ. ಕನ್ಸಲ್ಟೆಂಟ್ ಬರುತ್ತಾರೆ. ನಾಲ್ಕೈದು ತಿಂಗಳು ಓಡಾಟ. ನೆಲಕ್ಕೆ ಹಳದಿ ಗೆರೆ, ಗೋಡೆಗೆ ಬೋರ್ಡು, ರಿಜೆಕ್ಟ್ ಆದ ಪೀಸ್‌ಗೆ ಕೆಂಪು ಡಬ್ಬಿ. ರಿಜೆಕ್ಷನ್ ನಿಜವಾಗಿಯೂ ಇಳಿಯುತ್ತದೆ. ಮಾಲೀಕರಿಗೆ ಖುಷಿ. ಕನ್ಸಲ್ಟೆಂಟ್ ಹೋಗಿ ಒಂದು ವರ್ಷಕ್ಕೆ ಬೋರ್ಡಿನ ಹತ್ತಿರ ನಿಂತು ನೋಡಿದರೆ ಅದರ ಮೇಲಿನ ಕೊನೇ ತಾರೀಖು ಎಂಟು ತಿಂಗಳ ಹಿಂದಿನದು. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: "ನಮ್ಮ ಜನಕ್ಕೆ ಶಿಸ್ತಿಲ್ಲ ಸಾರ್."

ಈ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಜನ ದಿನವಿಡೀ 20 ಮೈಕ್ರಾನ್ ಒಳಗೆ, ಅಂದರೆ ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗದೊಳಗೆ, ರಂಧ್ರದ ಅಳತೆ ಹಿಡಿದು ಕೆಲಸ ತೆಗೆಯುತ್ತಾರೆ. ಶಿಸ್ತಿಲ್ಲದೆ ಅದು ಆಗುತ್ತದಾ? ಕೆಡುವುದು ಬೇರೆ ಎಲ್ಲೋ. ಎಲ್ಲಿ ಅಂತ ತಿಳಿಯಬೇಕಾದರೆ ಲೀನ್ ಮಾಡುವ ಕೆಲಸ ಏನು ಅನ್ನುವುದನ್ನು ಮೊದಲು ನೋಡಬೇಕು.

ಎಳೆ ಕಡಿದರೆ ಮಗ್ಗ ನಿಲ್ಲಬೇಕು

ಲೀನ್ ಎಂಬ ಹೆಸರು ಅಮೆರಿಕದ್ದು. 1988ರಲ್ಲಿ ಜಾನ್ ಕ್ರಾಫ್ಸಿಕ್ ಎಂಬ ಎಂಜಿನಿಯರ್ ಒಂದು ಲೇಖನದಲ್ಲಿ ಟೊಯೋಟಾದ ಉತ್ಪಾದನಾ ಪದ್ಧತಿಯನ್ನು ಹೀಗೆ ಕರೆದರು. ಪದ್ಧತಿಯ ಬೇರು ಮಾತ್ರ ಕಾರಿಗಿಂತ ಹಿಂದಿನದು. ಅದು ಮಗ್ಗದಲ್ಲಿದೆ. ಸಾಕಿಚಿ ಟೊಯೋಡಾ ಬಡಗಿಯ ಮಗ. ಬೆಳೆದದ್ದು ನೇಯ್ಗೆಯ ಮನೆಗಳ ನಡುವೆ. 1924ರ ಹೊತ್ತಿಗೆ ಅವರು ತಯಾರಿಸಿದ ಸ್ವಯಂಚಾಲಿತ ಮಗ್ಗದಲ್ಲಿ ಒಂದು ವಿಶೇಷ ಇತ್ತು. ಎಳೆ ಕಡಿದರೆ ಮಗ್ಗ ತಾನೇ ನಿಲ್ಲುತ್ತಿತ್ತು.

ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುವವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಹಾಸಿನ ಒಂದು ಎಳೆ ಕಡಿದದ್ದು ಗೊತ್ತಾಗದೆ ಮಗ್ಗ ಓಡುತ್ತಲೇ ಇದ್ದರೆ ಕೆಟ್ಟ ಬಟ್ಟೆ ಮೊಳಗಟ್ಟಲೆ ಉದ್ದವಾಗುತ್ತದೆ. ಅದಕ್ಕೇ ಒಬ್ಬರು ಕಾವಲು ನಿಲ್ಲಬೇಕು. ಮಗ್ಗ ತಾನೇ ನಿಂತುಕೊಂಡರೆ ಕಾವಲು ಬೇಡ. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದು. ನಿಂತ ಮಗ್ಗದ ಹತ್ತಿರ ಹೋಗಿ ಎಳೆ ಕಟ್ಟಿದರಾಯಿತು.

ಸಾಕಿಚಿ ಅವರ ಮಗ ಕಿಇಚಿರೋ ಮುಂದೆ ಕಾರು ತಯಾರಿಕೆಗೆ ಇಳಿದರು. 1937ರಲ್ಲಿ ಟೊಯೋಟಾ ಮೋಟಾರ್ ಶುರುವಾಯಿತು. ಅಲ್ಲಿ ಯುದ್ಧದ ನಂತರದ ವರ್ಷಗಳಲ್ಲಿ ಈ ವಿಚಾರವನ್ನು ಇಡೀ ಕಾರ್ಖಾನೆಗೆ ಹಬ್ಬಿಸಿದವರು ಟೈಇಚಿ ಓನೊ. ಅವರೂ ಮೊದಲು ನೂಲಿನ ಕಂಪನಿಯಲ್ಲಿ ಇದ್ದವರೇ. ಕಿಇಚಿರೋ ಹೇಳುತ್ತಿದ್ದ ಇನ್ನೊಂದು ವಿಚಾರವನ್ನೂ ಅವರು ಇದಕ್ಕೆ ಸೇರಿಸಿ ಜಾರಿಗೆ ತಂದರು: ಮುಂದಿನವರಿಗೆ ಬೇಕಾದಾಗ, ಬೇಕಾದಷ್ಟೇ ಮಾಡು.

ಇದರಲ್ಲಿ ಏನು ದೊಡ್ಡ ವಿಷಯ ಅನಿಸಬಹುದು. ಒಂದು ಲೆಕ್ಕ ಹಾಕೋಣ.

ನಿಮ್ಮ ಶಾಪ್‌ನಲ್ಲಿ ಒಂದು ಪೀಸ್ ಟರ್ನಿಂಗ್, ಮಿಲ್ಲಿಂಗ್, ಡ್ರಿಲ್ಲಿಂಗ್ ಮುಗಿಸಿ ಇನ್‌ಸ್ಪೆಕ್ಷನ್‌ಗೆ ಹೋಗುತ್ತದೆ. ಮೆಷಿನ್‌ಗಳ ನಡುವೆ ಟ್ರಾಲಿಗಳಲ್ಲಿ ಅರ್ಧಂಬರ್ಧ ಆದ ಪೀಸ್‌ಗಳು ಒಟ್ಟು 600 ಇವೆ. ದಿನಕ್ಕೆ 100 ಪೀಸ್ ಡಿಸ್ಪ್ಯಾಚ್ ಆಗುತ್ತದೆ. ಹಾಗಾದರೆ ಇವತ್ತು ಶುರುವಾದ ಪೀಸ್ ಹೊರಗೆ ಬರುವುದು 6 ದಿನಕ್ಕೆ. ಅದಕ್ಕೆ ಬೇಕಾದ ಕಟಿಂಗ್ ಸಮಯ ಎಲ್ಲಾ ಸೇರಿ ಸುಮಾರು ಕಾಲು ಗಂಟೆ ಇರಬಹುದು. ಮಿಕ್ಕಿದ್ದೆಲ್ಲ ಕಾಯುವುದು.

ಈಗ ಟರ್ನಿಂಗ್‌ನಲ್ಲಿ ಇನ್ಸರ್ಟ್ (ಲೋಹ ಕೊರೆಯುವ ತುದಿ) ಸವೆದು ಸೈಜ್ ತಪ್ಪಿತು ಅಂದುಕೊಳ್ಳಿ. ಇನ್‌ಸ್ಪೆಕ್ಷನ್ ಮೇಜಿನಲ್ಲಿ ಅದು ಕಾಣುವುದು ಹೆಚ್ಚುಕಡಿಮೆ 6 ದಿನದ ನಂತರ. ಅಷ್ಟರಲ್ಲಿ ಹಿಂದೆ ನಿಂತಿರುವ ಟ್ರಾಲಿಗಳ ತುಂಬಾ ಅದೇ ತಪ್ಪು. ನಡುವೆ 600ರ ಬದಲು 100 ಪೀಸ್ ಮಾತ್ರ ಇದ್ದಿದ್ದರೆ ಮಾರನೇ ದಿನವೇ ಸಿಕ್ಕಿಬೀಳುತ್ತಿತ್ತು. ಯಾವ ಶಿಫ್ಟು, ಯಾರು ಮೆಷಿನ್ ಮೇಲಿದ್ದರು, ಏನಾಗಿತ್ತು ಎಲ್ಲಾ ನೆನಪಿನಲ್ಲೂ ಇರುತ್ತಿತ್ತು.

ಸ್ಟಾಕ್ ಇಳಿಸುವುದು ದುಡ್ಡು ಉಳಿಸಲು ಅಂತ ಎಲ್ಲರೂ ಹೇಳುತ್ತಾರೆ. ಅದೂ ಹೌದು. ಆದರೆ ಮುಖ್ಯ ಲಾಭ ಇದು: ತಪ್ಪು ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. ಲೀನ್‌ನ ಸಲಕರಣೆಗಳೆಲ್ಲ ಇದಕ್ಕೇ ಇವೆ. ಹಳದಿ ಗೆರೆ ಎಳೆದಿದ್ದರೆ ಟ್ರಾಲಿ ದಾರಿ ತಪ್ಪಿದ್ದು ಕಾಣುತ್ತದೆ. ಹಲಗೆಯ ಮೇಲೆ ಸ್ಪ್ಯಾನರ್‌ನ ಆಕಾರ ಬರೆದಿದ್ದರೆ ಸ್ಪ್ಯಾನರ್ ಇಲ್ಲದ್ದು ಕಾಣುತ್ತದೆ. ಎಲ್ಲವೂ ಮಗ್ಗ ನಿಂತದ್ದನ್ನು ತೋರಿಸುವ ಗುರುತುಗಳು.

ಇಲ್ಲೇ ಒಂದು ತೊಡಕಿದೆ. ನಿಂತ ಮಗ್ಗದ ಹತ್ತಿರ ಯಾರೂ ಬಂದು ಎಳೆ ಕಟ್ಟದಿದ್ದರೆ? ಆಗ ಅದು ಸುಮ್ನೆ ನಿಂತ ಮಗ್ಗ. ತಾನೇ ನಿಲ್ಲುವ ಮಗ್ಗಕ್ಕಿಂತ ನಿಲ್ಲದೆ ಕೆಟ್ಟ ಬಟ್ಟೆ ನೇಯುವ ಮಗ್ಗವೇ ವಾಸಿ ಅನಿಸಲು ಶುರುವಾಗುತ್ತದೆ. ಸ್ಟಾಕ್ ಕಡಿಮೆ ಇರುವ ಲೈನ್‌ನಲ್ಲಿ ಒಂದು ಮೆಷಿನ್ ಕೆಟ್ಟರೆ ಅರ್ಧ ಗಂಟೆಯಲ್ಲಿ ಮುಂದಿನ ಮೆಷಿನ್‌ಗೂ ಕೆಲಸ ಇಲ್ಲ. ಮೇಂಟೆನೆನ್ಸ್‌ನವರು ಬರುವುದು ಊಟ ಆದಮೇಲೆ. ಇಂಥದ್ದು ನಾಲ್ಕು ಸಲ ಆದರೆ ಸೂಪರ್‌ವೈಸರ್ ಏನು ಮಾಡುತ್ತಾನೆ? ಇರಲಿ ಅಂತ ನೂರು ಪೀಸ್ ಜಾಸ್ತಿ ಮಾಡಿಸಿ ಇಟ್ಟುಕೊಳ್ಳುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆರು ತಿಂಗಳಲ್ಲಿ ಟ್ರಾಲಿ ಮತ್ತೆ ದಾರಿಗೆ ಬಂದಿರುತ್ತದೆ.

ಒಂಬತ್ತು ವರ್ಷದ ನಂತರ ಹೋಗಿ ನೋಡಿದವರು

ಲೀನ್ ಗೆದ್ದ ಕತೆಗಳು ಬೇಕಾದಷ್ಟಿವೆ. ಗೆದ್ದ ಜಾಗಕ್ಕೆ ವರ್ಷಗಳ ನಂತರ ಮತ್ತೆ ಹೋಗಿ ನೋಡಿದವರು ಬಹಳ ಕಡಿಮೆ. ಹಾಗೆ ನೋಡಿದ ಒಂದು ಒಳ್ಳೆಯ ಅಧ್ಯಯನ ನಮ್ಮ ದೇಶದ್ದೇ. ಅದೂ ಮಗ್ಗದ್ದೇ.

2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಅವರ ಜೊತೆಗಾರರು ಮುಂಬೈ ಹತ್ತಿರದ ತಾರಾಪುರ, ಉಮರಗಾಂವ್ ಕಡೆಯ 17 ಜವಳಿ ಕಂಪನಿಗಳನ್ನು ಆರಿಸಿಕೊಂಡರು. ಔಷಧ ಪರೀಕ್ಷೆ ಮಾಡುವ ರೀತಿಯಲ್ಲೇ ಇದನ್ನೂ ಮಾಡಿದರು. ಚೀಟಿ ಎತ್ತಿದಂತೆ ಕೆಲವು ಕಂಪನಿಗಳನ್ನು ಆರಿಸಿ, ಅವಕ್ಕೆ ದೊಡ್ಡ ಕನ್ಸಲ್ಟಿಂಗ್ ಕಂಪನಿಯೊಂದರಿಂದ ಐದು ತಿಂಗಳು ಪುಕ್ಕಟೆ ಸಹಾಯ ಕೊಡಿಸಿದರು. ಮಿಕ್ಕವಕ್ಕೆ ಒಂದು ತಿಂಗಳ ಪರಿಶೀಲನೆ ಮಾತ್ರ. ಒಟ್ಟು 38 ಅಭ್ಯಾಸಗಳ ಪಟ್ಟಿ. ಬಟ್ಟೆಯ ದೋಷಗಳನ್ನು ದಿನಾ ಬರೆಯುವುದು, ಕೆಡುವ ಮೊದಲೇ ಮೆಷಿನ್ ನೋಡಿಕೊಳ್ಳುವುದು, ನೂಲಿನ ಸ್ಟಾಕಿಗೆ ಲೇಬಲ್ ಹಚ್ಚಿ ಲೆಕ್ಕ ಇಡುವುದು, ಇಂಥವು. ಇದಕ್ಕೆ ಅವರು ಲೀನ್ ಎಂದು ಹೆಸರಿಡಲಿಲ್ಲ. ಆದರೆ ಲೀನ್ ಕಲಿಸುವವರು ಮೊದಲ ವರ್ಷ ಕಲಿಸುವುದು ಹೆಚ್ಚೂಕಡಿಮೆ ಇದನ್ನೇ.

ಮೊದಲು ಹೋದಾಗ ಆ ಮಾಲೀಕರು ಹೇಳಿದ್ದನ್ನು ಕೇಳಿದರೆ ನಿಮಗೆ ಯಾರೋ ಪರಿಚಯದವರು ನೆನಪಾಗಬಹುದು. ನಮ್ಮ ಕ್ವಾಲಿಟಿ ಪಕ್ಕದವರಷ್ಟೇ ಇದೆ, ಇದೆಲ್ಲ ಯಾಕೆ ಬೇಕು ಎಂಬ ಧಾಟಿ. ಆದರೂ ಮಾಡಿ ನೋಡಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17ರಷ್ಟು ಏರಿತು.

2017ರಲ್ಲಿ ಸಂಶೋಧಕರು ಮತ್ತೆ ಅಲ್ಲಿಗೆ ಹೋದರು. ಶುರುವಾಗಿದ್ದ ಅಭ್ಯಾಸಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು.

ಅರ್ಧ ಹೋಯಿತಲ್ಲ ಎಂದು ಕೊರಗಬಹುದು. ನನಗೆ ಉಳಿದ ಅರ್ಧವೇ ಆಶ್ಚರ್ಯ. ಐದು ತಿಂಗಳ ಸಹಾಯ, ಅದಾದ ಮೇಲೆ ಒಂಬತ್ತು ವರ್ಷ. ಆದರೂ ಸಹಾಯ ಪಡೆದ ಕಂಪನಿಗಳಿಗೂ ಪಡೆಯದವಕ್ಕೂ ನಡುವಿನ ಅಂತರ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಒಂದು ಯೂನಿಟ್‌ನಲ್ಲಿ ಕಲಿತದ್ದು ಅದೇ ಮಾಲೀಕರ ಬೇರೆ ಯೂನಿಟ್‌ಗಳಿಗೂ ಹಬ್ಬಿತ್ತು. ಪಕ್ಕದ ಕಂಪನಿಗೆ ಮಾತ್ರ ಅಷ್ಟಾಗಿ ಹಬ್ಬಿರಲಿಲ್ಲ.

ಬಿಟ್ಟುಹೋದದ್ದಕ್ಕೆ ಅವರು ಕೇಳಿದ ಕಾರಣಗಳಲ್ಲಿ ಎರಡು ಮತ್ತೆ ಮತ್ತೆ ಬಂದವು. ಒಂದು, ಮ್ಯಾನೇಜರ್ ಕೆಲಸ ಬಿಟ್ಟು ಹೋದರು. ಎರಡು, ಮಾಲೀಕರಿಗೆ ಪುರುಸೊತ್ತಿಲ್ಲ. ಕಾರ್ಮಿಕರ ಶಿಸ್ತು ಈ ಸಾಲಿನಲ್ಲಿ ಮೇಲೆ ಬರಲಿಲ್ಲ ಎನ್ನುವುದನ್ನು ಗಮನಿಸಿ. ಎರಡೂ ಕಾರಣ ಮೇಲಿನವರ ಕುರ್ಚಿಯವು. ಎಳೆ ಕಡಿದಾಗ ಬರಬೇಕಾದವರು ಇಲ್ಲ, ಅಥವಾ ಇದ್ದರೂ ಬಿಡುವಿಲ್ಲ.

ಬೋರ್ಡು ಸಾಯುವುದು ಹೇಗೆ

ಇದು ಹತ್ತಿರದಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ನಾನು ಕೆಲವು ಕಾಲ ಕೆಲಸ ಮಾಡಿದ ಒಂದು ಶಾಪ್‌ನಲ್ಲಿ ಗಂಟೆ ಲೆಕ್ಕದ ಬೋರ್ಡ್ ಇತ್ತು. ಬಿಳೀ ಬೋರ್ಡು, ನಾಲ್ಕು ಕಾಲಮ್. ಸಮಯ, ಆಗಬೇಕಾದದ್ದು, ಆದದ್ದು, ಕಾರಣ. ಬೆಳಿಗ್ಗೆ 10ರಿಂದ 11: ಆಗಬೇಕಾದದ್ದು 40, ಆದದ್ದು 31, ಕಾರಣ "ಕ್ರೇನ್ ಇಲ್ಲ". ಎರಡು ಸೆಕ್ಷನ್‌ಗೆ ಒಂದೇ ಕ್ರೇನು. ಆ ಕಡೆಯವರು ಲೋಡ್ ಮಾಡುತ್ತಿದ್ದರೆ ಈ ಕಡೆಯವರು ಕೈ ಕಟ್ಟಿ ನಿಲ್ಲಬೇಕು.

ಮೊದಲ ವಾರ ಆಪರೇಟರ್ ಬಹಳ ಆಸೆಯಿಂದ ಬರೆದ. "ಕ್ರೇನ್ 20 ನಿಮಿಷ ಕಾದೆ." ಎರಡನೇ ವಾರ "ಕ್ರೇನ್ ಇಲ್ಲ". ಮೂರನೇ ವಾರ ಬರೀ "ಕ್ರೇನ್". ಆಮೇಲೆ ಮೇಲಿನ ಸಾಲಿಗೆ ಹಾಕಿದ ಎರಡು ಚುಕ್ಕೆ. ಅದೂ ನಿಂತಿತು. ಒಂದು ಸೋಮವಾರ ನೋಡಿದರೆ ಎಲ್ಲಾ ಗಂಟೆಯಲ್ಲೂ 40ಕ್ಕೆ 40. ಕ್ರೇನು ಮೊದಲಿನಂತೆಯೇ ಇತ್ತು.

"ಏನಪ್ಪಾ ಇದು?" ಅಂತ ಕೇಳಿದೆ.

"ಬರೆದ್ರೆ ಏನಾಯ್ತು ಸರ್? ಕ್ರೇನ್ ಬಂತಾ? ಬರೆದಿದ್ದಕ್ಕೆ ಮೀಟಿಂಗಲ್ಲಿ ಬೈಸ್ಕೊಂಡೆ, ಅಷ್ಟೇ."

ಅವನಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರಣದ ಕಾಲಮ್ ಒಂದು ಪ್ರಶ್ನೆ. ಉತ್ತರ ಬರದ ಪ್ರಶ್ನೆಯನ್ನು ಯಾರೂ ಬಹಳ ದಿನ ಕೇಳುವುದಿಲ್ಲ. ಹೊರಗಿನವರ ಕಣ್ಣಿಗೆ ಇದು ಬರೆಯಲು ಸೋಮಾರಿತನ. ಒಳಗೆ ನೋಡಿದರೆ ಬೋರ್ಡ್‌ನಲ್ಲಿ ಬರೆಯುವವರ ಕೆಲಸ ಮುಗಿದಿದೆ, ಓದುವವರ ಕೆಲಸ ಶುರುವೇ ಆಗಿಲ್ಲ.

ಅದೇ ಶಾಪ್‌ನಲ್ಲಿ 17-19ರ ಸ್ಪ್ಯಾನರ್‌ದು ಇನ್ನೊಂದು ಕತೆ. ಹಲಗೆ ಮೇಲೆ ಅದರ ಆಕಾರ ಚೆನ್ನಾಗಿ ಬರೆದಿತ್ತು. ಸ್ಪ್ಯಾನರ್ ಮಾತ್ರ ಯಾವಾಗಲೂ ಇಲ್ಲ. ವಾರದ 5 ಎಸ್ ಆಡಿಟ್‌ನಲ್ಲಿ, ಅಂದರೆ ಶಾಪ್ ಚೊಕ್ಕಟವಾಗಿದೆಯಾ, ಸಾಮಾನು ಅದರದರ ಜಾಗದಲ್ಲಿದೆಯಾ ಅಂತ ನೋಡುವ ತಪಾಸಣೆಯಲ್ಲಿ, ಪ್ರತಿ ಸಲ ಅದಕ್ಕೆ ಮಾರ್ಕ್ ಕಟ್. ನೋಟಿಸ್ ಅಂಟಿಸಿದರು. "ಉಪಕರಣ ಬಳಸಿದ ನಂತರ ಸ್ವಸ್ಥಾನದಲ್ಲಿಡಿ." ಏನೂ ಆಗಲಿಲ್ಲ. ಒಬ್ಬ ಆಪರೇಟರ್ ಅದನ್ನು ತನ್ನ ಲಾಕರ್‌ನಲ್ಲಿ ಇಟ್ಟುಕೊಳ್ಳುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಯಾಕೆ ಅಂತ ಮಾತ್ರ ಯಾರೂ ಕೇಳಿರಲಿಲ್ಲ. ಈ ಕತೆಗೆ ಮತ್ತೆ ಬರುತ್ತೇನೆ.

ಹಗ್ಗ ಎಳೆದರೆ ಯಾರು ಬರುತ್ತಾರೆ?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರ್ಖಾನೆ ಇತ್ತು. ಜಗಳ, ಮುಷ್ಕರ, ಕೆಟ್ಟ ಕಾರುಗಳಿಗೆ ಹೆಸರುವಾಸಿ. ದಿನಕ್ಕೆ ಐದರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ ಎನ್ನುವಷ್ಟು ಗೈರುಹಾಜರಿ. ಅಲ್ಲಿ ಏನೇ ಆದರೂ ಲೈನ್ ನಿಲ್ಲಿಸುವಂತಿರಲಿಲ್ಲ. ತಪ್ಪು ಜೋಡಣೆಯಾದ ಕಾರು ಹಾಗೇ ಮುಂದೆ ಹೋಗಿ ಕೊನೆಗೆ ಅಂಗಳದಲ್ಲಿ ರಿಪೇರಿಗೆ ನಿಲ್ಲುತ್ತಿತ್ತು. 1982ರಲ್ಲಿ ಅದನ್ನು ಮುಚ್ಚಿದರು.

1984ರಲ್ಲಿ ಅದೇ ಜಾಗದಲ್ಲಿ ಜಿಎಂ ಮತ್ತು ಟೊಯೋಟಾ ಸೇರಿ ನುಮ್ಮಿ ಎಂಬ ಜಂಟಿ ಕಂಪನಿ ತೆರೆದವು. ಸೇರಿಸಿಕೊಂಡದ್ದು ಬಹುಪಾಲು ಅದೇ ಹಳೇ ಕಾರ್ಮಿಕರನ್ನು. ಅದೇ ಯೂನಿಯನ್. ಈ ಸಲ ಪ್ರತಿಯೊಬ್ಬರ ತಲೆಯ ಮೇಲೆ ಒಂದು ಹಗ್ಗ. ತೊಂದರೆ ಕಂಡರೆ ಎಳೆ ಎಂದರು. ಗೈರುಹಾಜರಿ ಶೇ 2ರ ಆಸುಪಾಸಿಗೆ ಇಳಿಯಿತು. ಕಾರಿನ ಗುಣಮಟ್ಟ ಟೊಯೋಟಾದ ಜಪಾನ್ ಕಾರ್ಖಾನೆಗಳ ಹತ್ತಿರ ಬಂತು. ಲೀನ್ ಪದ ಕೊಟ್ಟ ಕ್ರಾಫ್ಸಿಕ್ ಕೂಡ ಇಲ್ಲಿ ಕೆಲಸ ಮಾಡಿದವರೇ.

ಜಿಎಂ ಇದನ್ನು ತನ್ನ ಇನ್ನೊಂದು ಕಾರ್ಖಾನೆಯಲ್ಲಿ, ಅದೇ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ, ಮಾಡಲು ಹೋಯಿತು. ಅಲ್ಲಿ ಮ್ಯಾನೇಜರ್‌ಗಳ ಬೋನಸ್ ಎಷ್ಟು ಕಾರು ಹೊರಬಂತು ಎಂಬುದರ ಮೇಲಿತ್ತು. ಲೈನ್ ನಿಲ್ಲಿಸಿದರೆ ಸಿಟ್ಟು. ಟೀಮ್ ಎಂಬ ಹೆಸರು ಬಂತು, ಬಾಕಿ ಎಲ್ಲಾ ಹಳೆಯದೇ. 1992ರಲ್ಲಿ ಆ ಕಾರ್ಖಾನೆ ಮುಚ್ಚಿತು.

ಹಗ್ಗ ಎಲ್ಲಿ ಬೇಕಾದರೂ ಸಿಗುತ್ತದೆ, ಅಲ್ವಾ? ನುಮ್ಮಿಯಲ್ಲಿ ಹಗ್ಗದ ಆ ತುದಿಯಲ್ಲಿ ಒಬ್ಬ ಮನುಷ್ಯ ಇದ್ದ. ಟೊಯೋಟಾ ಪದ್ಧತಿಯಲ್ಲಿ ಐದಾರು ಜನರಿಗೆ ಒಬ್ಬ ಟೀಮ್ ಲೀಡರ್. ಹಗ್ಗ ಎಳೆದ ತಕ್ಷಣ ಲೈನ್ ನಿಲ್ಲುವುದಿಲ್ಲ. ದೀಪ ಹತ್ತುತ್ತದೆ, ಸಂಗೀತ ಕೇಳುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಆ ಕಾರು ಮುಂದಿನ ಗುರುತಿಗೆ ಹೋಗುವಷ್ಟರಲ್ಲಿ ಸರಿಯಾದರೆ ಲೈನ್ ಹಾಗೇ ಓಡುತ್ತದೆ. ಇಲ್ಲವಾದರೆ ನಿಲ್ಲುತ್ತದೆ. ಸೆಕೆಂಡುಗಳ ಲೆಕ್ಕ.

ನಮ್ಮ ಬಹಳಷ್ಟು ಶಾಪ್‌ಗಳಲ್ಲಿ ಇಪ್ಪತ್ತೈದು, ಮೂವತ್ತು ಜನರಿಗೆ ಒಬ್ಬ ಸೂಪರ್‌ವೈಸರ್. ಅವನೇ ಸ್ಟೋರ್‌ನಿಂದ ಮಾಲು ತರಿಸಬೇಕು. ಅವನೇ ಕಸ್ಟಮರ್ ಫೋನ್ ಎತ್ತಬೇಕು. ರಜೆ ಹಾಕಿದವನ ಮೆಷಿನ್ ಮೇಲೂ ಅವನೇ ನಿಲ್ಲಬೇಕು. ಅಂಥವನ ಮುಂದೆ ಇನ್ನೊಂದು ಕೆಂಪು ದೀಪ ಹಾಕಿದರೆ ಅವನು ಅದನ್ನು ನೋಡದೆ ಇರುವುದನ್ನು ಕಲಿಯುತ್ತಾನೆ. ಅದು ಅವನ ತಪ್ಪಲ್ಲ. ಲೀನ್ ಎಂದರೆ ಜನ ಕಡಿಮೆ ಮಾಡುವುದು ಅಂತ ತಿಳಿದು ಮೊದಲು ಇಂಥ ನಡುವಿನವರನ್ನೇ ತೆಗೆಯುವ ಕಂಪನಿಗಳನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಎಳೆ ಕಟ್ಟುವವರನ್ನು ತೆಗೆದು ಮಗ್ಗ ಮಾತ್ರ ಇಟ್ಟುಕೊಂಡ ಹಾಗೆ.

ಹಾಗಾದರೆ ದುಡ್ಡಿಲ್ಲದ ಸಣ್ಣ ಶಾಪ್ ಏನು ಮಾಡಬೇಕು? ಪ್ರಶ್ನೆಗಳನ್ನು ಕಡಿಮೆ ಮಾಡಬೇಕು. ಇಡೀ ಶಾಪ್‌ಗೆ ಹತ್ತು ಬೋರ್ಡ್ ಹಾಕುವ ಬದಲು ಒಂದು ಲೈನ್‌ಗೆ ಒಂದು ಬೋರ್ಡ್. ದಿನಾ ಬೆಳಿಗ್ಗೆ ಹತ್ತು ನಿಮಿಷ ಅದರ ಮುಂದೆ ಸೂಪರ್‌ವೈಸರ್, ಮೇಂಟೆನೆನ್ಸ್, ಸ್ಟೋರ್‌ನವರು ನಿಂತು ನಿನ್ನೆಯ ಕಾರಣಗಳಲ್ಲಿ ಒಂದನ್ನು ಆರಿಸುವುದು. ಯಾರು ನೋಡುತ್ತಾರೆ, ಯಾವತ್ತಿಗೆ, ಅಷ್ಟು ಬರೆಯುವುದು. ಮಾಲೀಕರು ವಾರಕ್ಕೊಂದು ದಿನ, ಗೊತ್ತಾದ ಹೊತ್ತಿಗೆ, ಅಲ್ಲಿ ನಿಲ್ಲುವುದು. ಮಾಲೀಕರ ಆ ಕಾಲು ಗಂಟೆ ಕ್ಯಾಲೆಂಡರ್‌ನಲ್ಲಿ ಇಲ್ಲದಿದ್ದರೆ ಉಳಿದದ್ದನ್ನು ಶುರು ಮಾಡುವುದೇ ಬೇಡ. ತಾರಾಪುರದವರು ಹೇಳಿದ ಎರಡನೇ ಕಾರಣ ಇದೇ ಅಲ್ವಾ?

ಮೊದಲನೇ ಕಾರಣ, ಮ್ಯಾನೇಜರ್ ಬಿಟ್ಟು ಹೋಗುವುದು, ಇನ್ನೂ ಕಷ್ಟದ್ದು. ಒಳ್ಳೇ ಪ್ರೊಡಕ್ಷನ್ ಮ್ಯಾನೇಜರ್‌ಗೆ ಪಕ್ಕದ ರಸ್ತೆಯಲ್ಲೇ ಐದು ಸಾವಿರ ಜಾಸ್ತಿ ಕೊಡುವವರು ಇರುತ್ತಾರೆ. ಹೊಸಬರು ಬಂದು ಹಿಂದಿನವರದ್ದೆಲ್ಲ ಅಳಿಸಿ ತಮ್ಮದೊಂದು ಫಾರ್ಮ್ಯಾಟ್ ತರುತ್ತಾರೆ. ಇದಕ್ಕೆ ಪೂರಾ ಮದ್ದಿಲ್ಲ. ಬೆಳಗಿನ ಹತ್ತು ನಿಮಿಷದ ಮಾತನ್ನು ವಾರದಲ್ಲಿ ಎರಡು ದಿನವಾದರೂ ಬೇರೆ ಯಾರಾದರೂ, ಒಬ್ಬ ಹಿರಿಯ ಆಪರೇಟರ್ ಆದರೂ ಸರಿ, ನಡೆಸುವಂತೆ ಮಾಡಿದರೆ ಅದು ಒಬ್ಬರ ಜೇಬಿನಲ್ಲಿ ಇರುವುದಿಲ್ಲ.

ಮುಡಾ, ಮುರಾ, ಮುರಿ

ಟೊಯೋಟಾದವರು ಮೂರು ಶತ್ರುಗಳನ್ನು ಹೆಸರಿಸುತ್ತಾರೆ. ಮುಡಾ ಎಂದರೆ ವ್ಯರ್ಥ. (ಮೈಸೂರಿನವರು ಬೇರೆ ಏನೋ ಅಂದುಕೊಳ್ಳಬೇಡಿ.) ಮುರಾ ಎಂದರೆ ಏರುಪೇರು. ಮುರಿ ಎಂದರೆ ಮಿತಿಮೀರಿದ ಹೊರೆ. ಈ ಕೊನೇ ಪದ ಕನ್ನಡದಲ್ಲಿ ಕೊಡುವ ಅರ್ಥವೂ ಸರಿಯಾಗೇ ಇದೆ. ಹೊರೆ ಜಾಸ್ತಿಯಾದರೆ ಮುರಿಯುತ್ತದೆ.

ನಮ್ಮಲ್ಲಿ ಮೊದಲನೆಯದರ ಬಗ್ಗೆಯೇ ಎಲ್ಲಾ ಟ್ರೇನಿಂಗು. ಬಾಕಿ ಎರಡು ಸದ್ದಿಲ್ಲದೆ ಎಲ್ಲವನ್ನೂ ಕೆಡಿಸುತ್ತವೆ. ಮುರಾಗೆ ನಮ್ಮ ಹೆಸರು "ತಿಂಗಳ ಕೊನೆ". ಮೊದಲ ವಾರ ಮಾಲು ಬಂದಿಲ್ಲ, ಕಸ್ಟಮರ್ ಶೆಡ್ಯೂಲ್ ಬದಲಾಗಿದೆ, ಆರಾಮು. ಇಪ್ಪತ್ತೈದನೇ ತಾರೀಖಿನ ಮೇಲೆ ಬಿಲ್ಲಿಂಗ್ ಆಗಲೇಬೇಕು ಅಂತ ಡಬಲ್ ಶಿಫ್ಟು. ಆ ಐದು ದಿನ ಬೋರ್ಡು, ಗೆರೆ, ಕೆಂಪು ಡಬ್ಬಿ ಯಾವುದೂ ಇಲ್ಲ. "ಈಗ ಅದೆಲ್ಲ ಬೇಡ ಕಣ್ರೋ, ಮೊದಲು ಮಾಲು ಹೊರಗೆ ಹಾಕಿ" ಅಂತ ಮ್ಯಾನೇಜರ್ ಅವರೇ ಹೇಳುತ್ತಾರೆ. ಆ ಒಂದು ಮಾತಿನಿಂದ ಶಾಪ್‌ನವರಿಗೆ ಗೊತ್ತಾಗುತ್ತದೆ, ಲೀನ್ ಎಂದರೆ ಪುರುಸೊತ್ತಿದ್ದಾಗ ಮಾಡುವ ಕೆಲಸ ಅಂತ. ವರ್ಷಕ್ಕೆ ಹನ್ನೆರಡು ಸಲ ಹೀಗೆ ಹೇಳಿಕೊಟ್ಟ ಮೇಲೆ ಯಾವ ಟ್ರೇನಿಂಗ್ ಏನು ಮಾಡೀತು?

ಮುರಿಯದ್ದು ಇನ್ನೂ ಸೂಕ್ಷ್ಮ. ಒಂದು ಸುಧಾರಣೆಯಿಂದ ಎಂಟು ಜನರ ಕೆಲಸ ಏಳು ಜನರಿಂದ ಆಗುತ್ತದೆ ಎನ್ನೋಣ. ಆ ಎಂಟನೆಯವರ ಗತಿ ಏನು? ಅವರು ಗೇಟಿನ ಹೊರಗೆ ಹೋದರೆ ಮುಂದಿನ ಐಡಿಯಾ ಯಾರೂ ಕೊಡುವುದಿಲ್ಲ. ಕೊಟ್ಟರೆ ಪಕ್ಕದವನ ಅನ್ನಕ್ಕೆ ಕಲ್ಲು. ನುಮ್ಮಿಯಲ್ಲಿ ಇದನ್ನು ಒಪ್ಪಂದದಲ್ಲೇ ಬರೆದಿದ್ದರು, ಕಂಪನಿಗೆ ತೀರಾ ಸಂಕಟ ಬಂದ ಹೊರತು ಯಾರನ್ನೂ ತೆಗೆಯುವುದಿಲ್ಲ ಅಂತ. 1988ರ ಆಸುಪಾಸಿನಲ್ಲಿ ಕಾರು ಮಾರಾಟ ಕುಸಿದು ಕಾರ್ಖಾನೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಓಡುತ್ತಿದ್ದಾಗಲೂ ಯಾರನ್ನೂ ಮನೆಗೆ ಕಳಿಸಲಿಲ್ಲ. ಟ್ರೇನಿಂಗ್‌ಗೆ, ಸುಧಾರಣೆ ಕೆಲಸಕ್ಕೆ ಹಾಕಿದರು. ಕೊಟ್ಟ ಮಾತು ಉಳಿಸಿಕೊಂಡದ್ದನ್ನು ಜನ ಕಣ್ಣಾರೆ ಕಂಡರು.

ಟೊಯೋಟಾ ಹೆಸರಿದ್ದ ಮಾತ್ರಕ್ಕೆ ಎಲ್ಲಾ ಸುಸೂತ್ರ ಅಂತಲೂ ಅಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಲಾಕೌಟ್ ಆದದ್ದು ನಿಮಗೆ ನೆನಪಿರಬಹುದು. ಶುರುವಾದದ್ದು ಒಬ್ಬ ನೌಕರನ ಅಮಾನತಿನಿಂದ. ಕಾರ್ಮಿಕ ಸಂಘದ ದೂರುಗಳಲ್ಲಿ ಕೆಲಸದ ಹೊರೆಯ ಮಾತೂ ಇತ್ತು. ಅದು ತಿಳಿಯಾಗಲು 2021ರ ಮಾರ್ಚ್‌ವರೆಗೆ ಹಿಡಿಯಿತು. ಯಾರದು ಸರಿ ಎಂಬ ತೀರ್ಪು ನನ್ನದಲ್ಲ. ಅದೇ ಬಿಡದಿಯಲ್ಲಿ 2007ರಿಂದ ಕಂಪನಿಯ ತರಬೇತಿ ಸಂಸ್ಥೆ ಇದೆ. ಹತ್ತನೇ ಕ್ಲಾಸ್ ಮುಗಿಸಿದ ಹಳ್ಳಿ ಮಕ್ಕಳನ್ನು ಮೂರು ವರ್ಷ ಇಟ್ಟುಕೊಂಡು ಕೆಲಸದ ಜೊತೆ ನಡೆ-ನುಡಿಯನ್ನೂ ಕಲಿಸುತ್ತಾ ಬಂದಿದ್ದಾರೆ. ಅಷ್ಟು ತಯಾರಿ ಇರುವ ಕಡೆಯೂ ಹೊರೆಯ ಪ್ರಶ್ನೆ ಏಳುತ್ತದೆ ಅಂದರೆ ಉಳಿದ ಕಡೆ ಕೇಳುವುದೇ ಬೇಡ.

ಯಾವ ಭಾಷೆಯ ಬೋರ್ಡು?

ಒಂದು ಸಣ್ಣ ವಿಷಯ, ಆದರೆ ನನಗೆ ಯಾವಾಗಲೂ ಚುಚ್ಚುವುದು. ನಮ್ಮ ಮೆಷಿನ್ ಶಾಪ್‌ಗಳಲ್ಲಿ ಈಗ ಒಡಿಶಾ, ಬಿಹಾರ, ಜಾರ್ಖಂಡ್‌ನ ಹುಡುಗರು ಬಹಳ. ಜೊತೆಗೆ ಉತ್ತರ ಕರ್ನಾಟಕದವರು. ಗೋಡೆ ಮೇಲಿನ ಕೆಲಸದ ವಿಧಾನ ಮಾತ್ರ ಇಂಗ್ಲಿಷ್‌ನಲ್ಲಿ, ಅದೂ ಅಕ್ಷರ ಇರುವೆಯಷ್ಟು. ಅದು ಯಾರಿಗಾಗಿ? ಆಡಿಟ್‌ಗೆ ಬರುವವರಿಗಾಗಿ. ಹುಡುಗ ಕೆಲಸ ಕಲಿಯುವುದು ಪಕ್ಕದ ಮೆಷಿನ್‌ನವನನ್ನು ನೋಡಿ. ಪಕ್ಕದವನು ಊರಿಗೆ ಹಬ್ಬಕ್ಕೆ ಹೋಗಿ ವಾಪಸ್ ಬರದಿದ್ದರೆ ವಿಧಾನವೂ ಅವನ ಜೊತೆಗೇ ಹೋಯಿತು. ದೊಡ್ಡ ಫೋಟೊ ನಾಲ್ಕು, ಸರಿ ಮತ್ತು ತಪ್ಪು ಪೀಸ್‌ನ ನಿಜವಾದ ಮಾದರಿ ಎರಡು, ಮೆಷಿನ್ ಪಕ್ಕದಲ್ಲಿ ತೂಗು ಹಾಕಿದರೆ ಹತ್ತು ಪುಟದ ಇಂಗ್ಲಿಷ್‌ಗಿಂತ ಎಷ್ಟೋ ಮೇಲು. ಕಾರಣದ ಕಾಲಮ್‌ನಲ್ಲಿ ಅವನು ಒಡಿಯಾದಲ್ಲಿ ಬರೆದರೂ ಬರೆಯಲಿ. ಓದಿಸಿಕೊಳ್ಳೋಣ.

ಸರ್ಕಾರದ ಕಡೆಯಿಂದ ಸಹಾಯ ಇದೆ. 2023ರ ಮಾರ್ಚ್‌ನಲ್ಲಿ ಕೇಂದ್ರದ ಎಂಎಸ್‌ಎಂಇ ಸಚಿವಾಲಯ ಸಣ್ಣ ಉದ್ದಿಮೆಗಳ ಲೀನ್ ಯೋಜನೆಯನ್ನು ಹೊಸದಾಗಿ ಶುರು ಮಾಡಿತು. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್‌ಡ್ ಎಂದು ಮೂರು ಹಂತ. ಕನ್ಸಲ್ಟೆಂಟ್ ಖರ್ಚಿನಲ್ಲಿ ಶೇ 90 ಸರ್ಕಾರದ್ದು. ಉಪಯೋಗಿಸಿಕೊಳ್ಳಬೇಕಾದದ್ದೇ. ಆದರೆ ಕನ್ಸಲ್ಟೆಂಟ್ ಇರುವ ತಿಂಗಳುಗಳಲ್ಲಿ ಅಭ್ಯಾಸ ಬೇರೂರಬೇಕಾದದ್ದು ಯಾರಲ್ಲಿ ಎಂಬುದನ್ನು ಮೊದಲ ದಿನವೇ ಗೊತ್ತು ಮಾಡಿಕೊಳ್ಳಿ. ಬೋರ್ಡ್ ತುಂಬುವುದು, ಮೀಟಿಂಗ್ ನಡೆಸುವುದು, ಫಾಲೋಅಪ್ ಮಾಡುವುದು ಎಲ್ಲಾ ಕನ್ಸಲ್ಟೆಂಟ್ ಅವರೇ ಮಾಡುತ್ತಿದ್ದರೆ ಅವರ ಬ್ಯಾಗಿನಲ್ಲೇ ಲೀನ್ ವಾಪಸ್ ಹೋಗುತ್ತದೆ. ಸರ್ಟಿಫಿಕೇಟ್ ಮಾತ್ರ ರಿಸೆಪ್ಷನ್ ಗೋಡೆಯ ಮೇಲೆ ಉಳಿಯುತ್ತದೆ.

ಆಡಿಟ್ ಬಗ್ಗೆಯೂ ಒಂದು ಮಾತು. ಅಂಕ ಕೊಡುವ ಆಡಿಟ್ ಬಂದರೆ ಪ್ರತಿ ತಿಂಗಳೂ ಒಂದು ಆಯುಧ ಪೂಜೆ ಆಗುತ್ತದೆ. ಹಿಂದಿನ ದಿನ ತೊಳೆದು ಬಳಿದು, ಮಾರನೇ ದಿನ 92 ಅಂಕ. ಅದರ ಬದಲು ಬೋರ್ಡಿನ ಕಾರಣದ ಕಾಲಮ್‌ನಿಂದ ಹಿಂದಿನ 20 ಸಾಲು ತೆಗೆದುಕೊಳ್ಳಿ. ಪ್ರತಿಯೊಂದರ ಮುಂದೆ ಎರಡು ತಾರೀಖು ಬರೆಯಿರಿ. ಯಾವತ್ತು ಬರೆದರು, ಯಾವತ್ತು ಯಾರಾದರೂ ಏನಾದರೂ ಮಾಡಿದರು. ಎರಡನೇ ತಾರೀಖು ಖಾಲಿ ಇರುವ ಸಾಲುಗಳೇ ನಿಮ್ಮ ಲೀನ್‌ನ ಆಯಸ್ಸು ಹೇಳುತ್ತವೆ. ಇನ್ನು ಕಾಲಮ್‌ನಲ್ಲಿ 20 ಸಾಲೇ ಇಲ್ಲ, ಎಲ್ಲಾ 40ಕ್ಕೆ 40 ಅಂತಿದ್ದರೆ ಸಂತೋಷಪಡಬೇಡಿ. ಸೀದಾ ಕ್ರೇನ್ ಹತ್ತಿರ ಹೋಗಿ ಅರ್ಧ ಗಂಟೆ ನಿಂತುಕೊಳ್ಳಿ.

ಆ ಸ್ಪ್ಯಾನರ್ ಕತೆ ಬಾಕಿ ಇತ್ತು. ಆಡಿಟ್‌ನಲ್ಲಿ ಸುಮಾರು ಹನ್ನೊಂದು ವಾರ ಮಾರ್ಕ್ ಹೋದ ಮೇಲೆ ಒಂದು ದಿನ ಟೀ ಹೊತ್ತಿನಲ್ಲಿ ಆ ಆಪರೇಟರ್ ಹತ್ತಿರ ಕೂತು ಕೇಳಿದೆ, ಯಾಕಪ್ಪಾ ಲಾಕರ್‌ನಲ್ಲಿ ಇಡ್ತೀಯ ಅಂತ. ಮೂರು ಮೆಷಿನ್‌ಗೆ ಇರುವುದು ಒಂದೇ 19ರ ಸ್ಪ್ಯಾನರ್ ಎಂದ. ಸೆಟ್ಟಿಂಗ್ ಬದಲಾಯಿಸುವಾಗ ಕೈಗೆ ಸಿಗದಿದ್ದರೆ ಇಪ್ಪತ್ತು ನಿಮಿಷ ಹುಡುಕಬೇಕು. ಬೋರ್ಡಿನಲ್ಲಿ ಆ ಇಪ್ಪತ್ತು ನಿಮಿಷ ಬರುವುದು ಅವನ ಹೆಸರಿನ ಮುಂದೆ. ಸಂಜೆ ಸ್ಟೋರ್‌ನವರಿಗೆ ಹೇಳಿ ಇನ್ನೆರಡು ಸ್ಪ್ಯಾನರ್ ತರಿಸಿದೆವು. ಎರಡಕ್ಕೂ ಸೇರಿ ಸಾವಿರ ರೂಪಾಯಿ ಒಳಗೇ ಆಯಿತು. ಹಲಗೆ ಮೇಲೆ ಇನ್ನೆರಡು ಆಕಾರ ಬರೆದೆವು. ಶಿಫ್ಟ್ ಮುಗಿಸಿ ಬಟ್ಟೆ ಬದಲಾಯಿಸಲು ಹೋದವನು ಲಾಕರ್ ತೆಗೆದು ಹಳೇ ಸ್ಪ್ಯಾನರ್ ತಂದು ಅದರ ಜಾಗಕ್ಕೆ ತೂಗು ಹಾಕಿ, ಏನೂ ಮಾತಾಡದೆ ಬಸ್ಸಿಗೆ ಓಡಿದ.